ಬ್ಲಾಕ್‌ಚೈನ್ ಮತ್ತು ಕ್ರಿಪ್ಟೊ: ಮಲೆನಾಡಿನ ಉದ್ಯೋಗಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ನಾನು ನಡೆಸುವ ತರಗತಿಗೆ ಬ್ಯಾಂಕ್ ನೌಕರರು, ಕಾಲೇಜು ಮೇಷ್ಟ್ರುಗಳು, ವಕೀಲರು, ಲೆಕ್ಕ ಪರಿಶೋಧಕರು, ಸೊಸೈಟಿ ಕಾರ್ಯದರ್ಶಿಗಳು, ಅಡಿಕೆ ಮಂಡಿಯವರು ಬರುತ್ತಾರೆ. ಸಾಗರ, ತೀರ್ಥಹಳ್ಳಿ, ಹೊಸನಗರದಿಂದ ಬಸ್ಸು ಹತ್ತಿ ಬರುವವರೂ ಇದ್ದಾರೆ. ಯಾರಿಗೂ ಕೋಡಿಂಗ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಕಲಿಯುವುದು ಬೇರೆ, ಕೊಳ್ಳುವುದು ಬೇರೆ. ಈ ಪುಟ ಕಲಿಯುವವರಿಗೆ. ಯಾವ ಕಾಯಿನ್ ತಗೋಬೇಕು ಎಂಬ ಸಲಹೆ ಇಲ್ಲಿಲ್ಲ.

ಬ್ಲಾಕ್‌ಚೈನ್ ಅಂದ್ರೆ ಏನು? ಕಂಪ್ಯೂಟರ್ ಭಾಷೆ ಬಿಟ್ಟು ಹೇಳಿ.

ಊರಿನ ಸೊಸೈಟಿಯ ಲೆಡ್ಜರ್ ನೆನಪು ಮಾಡಿಕೊಳ್ಳಿ. ಯಾರು ಎಷ್ಟು ಕಟ್ಟಿದರು, ಯಾರ ಸಾಲ ಎಷ್ಟು ಬಾಕಿ, ಎಲ್ಲ ಅದರಲ್ಲಿರುತ್ತದೆ. ಪುಸ್ತಕ ಮಾತ್ರ ಒಂದೇ, ಅದು ಕಾರ್ಯದರ್ಶಿಯ ಬೀರುವಿನಲ್ಲಿ. ಒಂದು ಪುಟ ತಿದ್ದಿದರೆ ಆಡಿಟ್‌ನವರು ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಈಗ ಅದೇ ಲೆಡ್ಜರಿನ ಒಂದೊಂದು ಪ್ರತಿ ಎಲ್ಲ ಸದಸ್ಯರ ಮನೆಯಲ್ಲೂ ಇದೆ ಎಂದುಕೊಳ್ಳಿ. ಹೊಸದಾಗಿ ಏನೇ ಬರೆದರೂ ಎಲ್ಲ ಪ್ರತಿಗಳಲ್ಲೂ ಬರೆಯಬೇಕು. ಬರೆಯುವ ಮೊದಲು ಅದು ನಿಯಮಕ್ಕೆ ಸರಿಯಾಗಿದೆಯೇ ಎಂದು ಪ್ರತಿಯೊಬ್ಬರೂ ನೋಡುತ್ತಾರೆ. ಒಬ್ಬರು ತಮ್ಮ ಪ್ರತಿಯನ್ನು ಗುಟ್ಟಾಗಿ ತಿದ್ದಿದರೆ ಉಳಿದವರ ಪ್ರತಿಯ ಜೊತೆ ತಾಳೆಯಾಗುವುದಿಲ್ಲ. ಆ ತಿದ್ದುಪಡಿಗೆ ಬೆಲೆ ಇಲ್ಲ.

ಬ್ಲಾಕ್‌ಚೈನ್ ಅಂಥ ಲೆಕ್ಕದ ಪುಸ್ತಕ. ಸದಸ್ಯರ ಜಾಗದಲ್ಲಿ ಕಂಪ್ಯೂಟರ್‌ಗಳಿರುತ್ತವೆ, ಅವಕ್ಕೆ ನೋಡ್ ಎನ್ನುತ್ತಾರೆ. ಬಿಟ್‌ಕಾಯಿನ್ ಜಾಲದಲ್ಲಿ ಯಾರು ಬೇಕಾದರೂ ನೋಡ್ ನಡೆಸಬಹುದು, ಯಾರ ಅಪ್ಪಣೆಯೂ ಬೇಡ. ಕಂಪನಿಗಳು, ಸರ್ಕಾರಿ ಇಲಾಖೆಗಳು ಮಾಡಿಕೊಂಡ ಬ್ಲಾಕ್‌ಚೈನ್‌ಗಳಲ್ಲಿ ಸಾಮಾನ್ಯವಾಗಿ ಆಯ್ದ ಸಂಸ್ಥೆಗಳಿಗೆ ಮಾತ್ರ ಪ್ರವೇಶ. ಈ ಎರಡರ ವ್ಯತ್ಯಾಸ ಮನಸ್ಸಿನಲ್ಲಿರಲಿ, ಕೊನೆಯ ಪ್ರಶ್ನೆಗೆ ಬೇಕಾಗುತ್ತದೆ.

ಒಮ್ಮೆ ಬರೆದದ್ದನ್ನು ತಿದ್ದೋಕೆ ಆಗಲ್ಲ ಅಂತಾರೆ. ಯಾಕೆ ಆಗಲ್ಲ?

ಇದಕ್ಕೆ ಹ್ಯಾಶ್ ಎಂಬ ಒಂದೇ ಒಂದು ವಿಷಯ ಗೊತ್ತಾದರೆ ಸಾಕು. ಅಂತರ್ಜಾಲದಲ್ಲಿ ಹ್ಯಾಶ್ ಲೆಕ್ಕ ಹಾಕಿಕೊಡುವ ಪುಟಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ‘ಮಂಡಿಗೆ ಬಂದ ರಾಶಿ ಇಡಿ 42 ಚೀಲ’ ಎಂದು ಟೈಪ್ ಮಾಡಿ (ರಾಶಿ ಇಡಿ ಎಂದರೆ ಅಡಿಕೆಯ ಒಂದು ದರ್ಜೆ). ಎಸ್‌ಎಚ್‌ಎ-256 ಎಂಬ ವಿಧಾನವನ್ನು ಆರಿಸಿಕೊಳ್ಳಿ, ಬಿಟ್‌ಕಾಯಿನ್ ಬಳಸುವುದೂ ಅದನ್ನೇ. ಅಂಕಿ, ಅಕ್ಷರ ಬೆರೆತ 64 ಚಿಹ್ನೆಗಳ ಒಂದು ಸಾಲು ಬರುತ್ತದೆ. ಅದೇ ವಾಕ್ಯವನ್ನು ಎಷ್ಟು ಸಲ ಕೊಟ್ಟರೂ ಅದೇ ಸಾಲು. ಈಗ 42ನ್ನು 43 ಮಾಡಿ. ಎಲ್ಲೋ ಒಂದೆರಡು ಚಿಹ್ನೆ ಬದಲಾಗಿರುವುದಿಲ್ಲ, ಇಡೀ ಸಾಲೇ ಗುರುತು ಸಿಗದಷ್ಟು ಬೇರೆಯಾಗಿರುತ್ತದೆ. ಕೊನೆಗೊಂದು ಚುಕ್ಕಿ ಸೇರಿಸಿದರೂ ಅಷ್ಟೇ. ನೂರಾರು ಪುಟಗಳ ದಾಖಲೆ ಕೊಟ್ಟರೂ ಬರುವುದು 64 ಚಿಹ್ನೆಗಳೇ. ಆ ಸಾಲನ್ನು ಮಾತ್ರ ಇಟ್ಟುಕೊಂಡು ಮೂಲ ವಾಕ್ಯ ಏನಿತ್ತು ಎಂದು ಲೆಕ್ಕ ಹಾಕಿ ತೆಗೆಯಲು ಆಗುವುದಿಲ್ಲ.

ವಹಿವಾಟುಗಳನ್ನು ಕಟ್ಟುಕಟ್ಟಾಗಿ ಸೇರಿಸಿದರೆ ಅದೇ ಬ್ಲಾಕ್. ಪ್ರತಿ ಬ್ಲಾಕ್‌ನೊಳಗೆ ಅದರ ಹಿಂದಿನ ಬ್ಲಾಕ್‌ನ ಹ್ಯಾಶ್ ಇರುತ್ತದೆ. ಹತ್ತು ಬ್ಲಾಕ್ ಹಿಂದಿನ ಒಂದು ಅಂಕಿಯನ್ನು ಬದಲಾಯಿಸಿದಿರಿ ಎಂದಿಟ್ಟುಕೊಳ್ಳಿ. ಆ ಬ್ಲಾಕ್‌ನ ಹ್ಯಾಶ್ ಬದಲಾಯಿತು. ಮುಂದಿನ ಬ್ಲಾಕ್‌ನಲ್ಲಿ ಬರೆದಿದ್ದ ಹಳೆಯ ಹ್ಯಾಶ್ ಈಗ ಹೊಂದುವುದಿಲ್ಲ. ಅದನ್ನು ಸರಿಮಾಡಿದರೆ ಅದರ ಮುಂದಿನದು ಕೆಡುತ್ತದೆ. ಹೀಗೆ ಕೊನೆಯವರೆಗೂ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಅಷ್ಟರಲ್ಲಿ ಉಳಿದ ಕಂಪ್ಯೂಟರ್‌ಗಳೆಲ್ಲ ಸೇರಿ ಇನ್ನಷ್ಟು ಬ್ಲಾಕ್ ಸೇರಿಸಿರುತ್ತವೆ. ಅವುಗಳನ್ನು ಹಿಂದೆ ಹಾಕಬೇಕಾದರೆ ಜಾಲದ ಒಟ್ಟು ಲೆಕ್ಕ ಹಾಕುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರ ಕೈಯಲ್ಲಿರಬೇಕು. ಚಿಕ್ಕ ಪುಟ್ಟ ಕಾಯಿನ್‌ಗಳ ಜಾಲದಲ್ಲಿ ಹೀಗೆ ನಡೆದದ್ದೂ ಉಂಟು. ಬಿಟ್‌ಕಾಯಿನ್‌ನಷ್ಟು ದೊಡ್ಡ ಜಾಲದಲ್ಲಿ ಅದಕ್ಕೆ ತಗಲುವ ಖರ್ಚು ವಿಪರೀತ.

ಇಲ್ಲಿ ಸ್ವಲ್ಪ ನಿಲ್ಲಿ. ತಿದ್ದಲು ಆಗದು ಎಂದರೆ ಬರೆದದ್ದು ನಿಜ ಎಂದಲ್ಲ. 42 ಚೀಲ ಬಂದಿರುವಾಗ ಯಾರೋ 50 ಎಂದು ಬರೆದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಕೂರುತ್ತದೆ. ಈ ಪುಟದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ.

ಬಿಟ್‌ಕಾಯಿನ್, ಕ್ರಿಪ್ಟೊ, ಬ್ಲಾಕ್‌ಚೈನ್ ಎಲ್ಲ ಒಂದೇ ಅಲ್ವಾ?

ಅಲ್ಲ. ಬ್ಲಾಕ್‌ಚೈನ್ ಒಂದು ವಿಧಾನ. ಅದನ್ನು ಬಳಸಿ ನಡೆಯುವ ಹಣದ ರೂಪಗಳಿಗೆಲ್ಲ ಸೇರಿಸಿ ಕ್ರಿಪ್ಟೊ ಎನ್ನುತ್ತಾರೆ. ಬಿಟ್‌ಕಾಯಿನ್ ಅದರಲ್ಲಿ ಮೊದಲನೆಯದು. 2008ರ ಅಕ್ಟೋಬರ್ 31ರಂದು ಸತೋಷಿ ನಾಕಾಮೊಟೊ ಎಂಬ ಹೆಸರಿನಲ್ಲಿ 9 ಪುಟಗಳ ಒಂದು ಪ್ರಬಂಧ ಹೊರಬಂತು. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಇವತ್ತಿಗೂ ಖಚಿತವಾಗಿಲ್ಲ. ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಆ ವಹಿವಾಟನ್ನು ಈಗಲೂ ಯಾರು ಬೇಕಾದರೂ ತೆರೆದು ನೋಡಬಹುದು. ನೋಡಿ ಕೂಡ, ಸಾರ್ವಜನಿಕ ಲೆಕ್ಕ ಅಂದರೆ ಏನು ಎಂದು ಅರ್ಥವಾಗಲು ಅದು ಒಳ್ಳೆಯ ದಾರಿ.

ಒಂದು ಬಿಟ್‌ಕಾಯಿನ್‌ನಲ್ಲಿ 10 ಕೋಟಿ ಭಾಗಗಳಿವೆ. ಆ ಒಂದು ಭಾಗಕ್ಕೆ ಸತೋಷಿ ಎಂದೇ ಹೆಸರು. ಹಾಗಾಗಿ ‘ಇಡೀ ಒಂದು ಬಿಟ್‌ಕಾಯಿನ್ ಕೊಳ್ಳಲೇಬೇಕಾ’ ಎಂಬ ಪ್ರಶ್ನೆಗೆ ಉತ್ತರ, ಬೇಡ.

ಮೈನಿಂಗ್ ಅಂದ್ರೆ ಏನು? ಮನೆಯಲ್ಲಿ ಮಾಡಬಹುದಾ?

ಹೊಸ ಬ್ಲಾಕ್ ಸೇರಿಸುವ ಹಕ್ಕಿಗಾಗಿ ಯಂತ್ರಗಳ ನಡುವೆ ನಡೆಯುವ ಪೈಪೋಟಿ ಅದು. ಬ್ಲಾಕ್‌ನ ಹ್ಯಾಶ್ ಇಷ್ಟು ಸೊನ್ನೆಗಳಿಂದ ಶುರುವಾಗಬೇಕು ಎಂಬ ನಿಯಮವಿದೆ. ಬ್ಲಾಕ್‌ನಲ್ಲಿ ಒಂದು ಅಂಕಿಯನ್ನು ಬದಲಾಯಿಸುತ್ತಾ, ಹ್ಯಾಶ್ ಲೆಕ್ಕ ಹಾಕುತ್ತಾ, ಅಂಥ ಸಾಲು ಸಿಗುವ ತನಕ ಪ್ರಯತ್ನಿಸುತ್ತಲೇ ಇರಬೇಕು. ಸರಾಸರಿ 10 ನಿಮಿಷಕ್ಕೊಮ್ಮೆ ಯಾರಿಗಾದರೂ ಸಿಗುತ್ತದೆ. ಸಿಕ್ಕವರಿಗೆ ಹೊಸ ಬಿಟ್‌ಕಾಯಿನ್ ಬಹುಮಾನ. ಮೊದಲು ಅದು 50 ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2.10 ಕೋಟಿಗಿಂತ ಜಾಸ್ತಿ ಬಿಟ್‌ಕಾಯಿನ್ ಎಂದಿಗೂ ಹುಟ್ಟುವುದಿಲ್ಲ.

ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡುವ ಕೆಲಸ ಇದಲ್ಲ. ಇದಕ್ಕೆಂದೇ ತಯಾರಾದ ಯಂತ್ರಗಳು ದೊಡ್ಡ ಶೆಡ್‌ಗಳಲ್ಲಿ ಹಗಲೂ ರಾತ್ರಿ ಓಡುತ್ತವೆ. ಮೆಸ್ಕಾಂ ಬಿಲ್ಲೇ ನಿಮ್ಮ ಗಳಿಕೆಗಿಂತ ಜಾಸ್ತಿಯಾಗುತ್ತದೆ. ‘ನೀವು ದುಡ್ಡು ಹಾಕಿ, ನಿಮ್ಮ ಪರವಾಗಿ ನಾವು ಮೈನಿಂಗ್ ಮಾಡುತ್ತೇವೆ’ ಎನ್ನುವ ಆಪ್‌ಗಳಲ್ಲಿ ಮೋಸದವೇ ತುಂಬಿವೆ, ದೂರವಿರಿ.

ಎಲ್ಲ ಜಾಲಗಳೂ ಇಷ್ಟು ಕರೆಂಟ್ ತಿನ್ನುವುದಿಲ್ಲ. ಎಥೀರಿಯಮ್ ಎಂಬ ಇನ್ನೊಂದು ದೊಡ್ಡ ಜಾಲ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಬಿಟ್ಟು, ಕಾಯಿನ್ ಅಡವಿಟ್ಟವರು ಬ್ಲಾಕ್ ಸೇರಿಸುವ ಪದ್ಧತಿಗೆ ಬಂತು. ಅದರ ವಿದ್ಯುತ್ ಬಳಕೆ ಶೇ 99ಕ್ಕೂ ಹೆಚ್ಚು ಇಳಿಯಿತು.

ಫೋನ್‌ಪೇ, ಗೂಗಲ್‌ಪೇ ಇರುವಾಗ ಇದೆಲ್ಲ ಯಾಕೆ ಬೇಕು?

ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳಲು ಬೇಡವೇ ಬೇಡ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ 2,000 ಕೋಟಿಗೂ ಹೆಚ್ಚು ವಹಿವಾಟು ನಡೆದಿದೆ. ಬಿಟ್‌ಕಾಯಿನ್‌ನ ಮೂಲ ಜಾಲಕ್ಕೆ ಸೆಕೆಂಡಿಗೆ ಸುಮಾರು 7 ವಹಿವಾಟು ಮಾಡುವ ಶಕ್ತಿಯಷ್ಟೇ ಇದೆ. ಯುಪಿಐನಲ್ಲಿ ತೊಂದರೆಯಾದರೆ ಬ್ಯಾಂಕಿಗೆ ಹೋಗಿ ದೂರು ಕೊಡಬಹುದು. ಇಲ್ಲಿ ಬ್ಯಾಂಕೇ ಇಲ್ಲ.

ನಡುವೆ ಯಾರೂ ಇರಬಾರದು, ಯಾರನ್ನೂ ನಂಬುವ ಹಾಗಿಲ್ಲ ಎಂಬ ಕಡೆ ಮಾತ್ರ ಇದರ ಉಪಯೋಗ. ನಮ್ಮ ದಿನನಿತ್ಯದಲ್ಲಿ ಅಂಥ ಸಂದರ್ಭ ಕಡಿಮೆ ಎಂದೇ ನನ್ನ ಅಭಿಪ್ರಾಯ. ಆದರೂ ಕಲಿಯಿರಿ ಎನ್ನುತ್ತೇನೆ. ಯಾಕೆಂದರೆ ನಿಮ್ಮ ಕಕ್ಷಿದಾರರು, ಗ್ರಾಹಕರು, ವಿದ್ಯಾರ್ಥಿಗಳು ಆಗಲೇ ಇದರೊಳಗೆ ಕಾಲಿಟ್ಟಾಗಿದೆ.

ಭಾರತದಲ್ಲಿ ಇದು ಕಾನೂನುಬಾಹಿರವಾ?

ಇಟ್ಟುಕೊಳ್ಳುವುದು, ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಇದು ಸರ್ಕಾರ ಮಾನ್ಯ ಮಾಡಿದ ಹಣವೂ ಅಲ್ಲ. ರಿಸರ್ವ್ ಬ್ಯಾಂಕ್ 2013ರಿಂದಲೇ ಎಚ್ಚರಿಕೆ ಕೊಡುತ್ತಾ ಬಂದಿದೆ. 2018ರ ಏಪ್ರಿಲ್ 6ರಂದು ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡಬಾರದೆಂದು ಬ್ಯಾಂಕ್‌ಗಳಿಗೆ ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2023ರ ಮಾರ್ಚ್‌ನಿಂದ ಕ್ರಿಪ್ಟೊ ವಿನಿಮಯ ಕೇಂದ್ರಗಳು (ಕಾಯಿನ್ ಕೊಂಡು ಮಾರಲು ನೆರವಾಗುವ ಕಂಪನಿಗಳು) ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಅವು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು, ಗ್ರಾಹಕರ ಕೆವೈಸಿ ಪಡೆಯಬೇಕು.

ಷೇರು ವ್ಯವಹಾರಕ್ಕೆ ಸೆಬಿ ಇದೆ. ಬ್ಯಾಂಕ್ ಮುಳುಗಿದರೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಕ್ರಿಪ್ಟೊಗೆ ಇವೆರಡೂ ಇಲ್ಲ. ನೋಂದಣಿ ಆಗಿದೆ ಎಂದರೆ ನಿಮ್ಮ ದುಡ್ಡಿಗೆ ಸರ್ಕಾರ ಜವಾಬ್ದಾರಿ ಎಂದು ಅರ್ಥವಲ್ಲ. (ಕೃಷಿ ಪತ್ತಿನ ಸೊಸೈಟಿಗಳ ಠೇವಣಿಗೂ ಆ ವಿಮೆ ಅನ್ವಯಿಸುವುದಿಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಲವರಿಗೆ ಆಶ್ಚರ್ಯವಾಗುತ್ತದೆ.)

ತೆರಿಗೆ ಎಷ್ಟು? ನಷ್ಟ ಆದರೂ ಕಟ್ಟಬೇಕಂತೆ, ಹೌದಾ?

ಕಟ್ಟಬೇಕಾಗಿ ಬರಬಹುದು. ಲೆಕ್ಕ ಹಾಕಿಯೇ ತೋರಿಸುತ್ತೇನೆ.

2022ರ ಬಜೆಟ್‌ನಲ್ಲಿ ಬಂದ ನಿಯಮದ ಪ್ರಕಾರ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ನೀವು ಯಾವ ಆದಾಯದ ಹಂತದಲ್ಲಿದ್ದರೂ ಶೇ 30ರ ದರ ಬದಲಾಗುವುದಿಲ್ಲ. ಕೊಂಡ ಬೆಲೆಯನ್ನು ಮಾತ್ರ ಕಳೆಯಬಹುದು, ಬೇರೆ ಖರ್ಚು ಕಳೆಯುವ ಹಾಗಿಲ್ಲ.

ಒಂದು ಕಾಯಿನ್‌ಗೆ 1,00,000 ಹಾಕಿ 1,40,000ಕ್ಕೆ ಮಾರಿದಿರಿ. ಲಾಭ 40,000. ಇನ್ನೊಂದು ಕಾಯಿನ್‌ಗೂ 1,00,000 ಹಾಕಿದ್ದಿರಿ, ಅದನ್ನು 70,000ಕ್ಕೆ ಮಾರಿದಿರಿ. ನಷ್ಟ 30,000. ನಿಮ್ಮ ಕೈಗೆ ನಿಜವಾಗಿ ಉಳಿದ ಲಾಭ 10,000. ಆದರೆ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಹೊಂದಿಸಲು ಬಿಡುವುದಿಲ್ಲ. ಹಾಗಾಗಿ 40,000ಕ್ಕೆ ಪೂರ್ತಿ ತೆರಿಗೆ, 12,000. ಸೆಸ್ 480. ಒಟ್ಟು 12,480. ಹತ್ತು ಸಾವಿರ ದುಡಿದು ಹನ್ನೆರಡೂವರೆ ಸಾವಿರ ಕಟ್ಟಿದಂತಾಯಿತು. ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗುವುದಿಲ್ಲ.

ಇದರ ಜೊತೆಗೆ 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್ ಇದೆ. ನಷ್ಟಕ್ಕೆ ಮಾರಿದರೂ ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ರೂಪಾಯಿ ಕೈಗೆ ಬಂದಿಲ್ಲವಲ್ಲ ಎಂದು ಬಿಟ್ಟವರಿಗೆ ನೋಟಿಸ್ ಬರುವ ಸಾಧ್ಯತೆ ಇದೆ. ಯಾಕೆಂದರೆ ಟಿಡಿಎಸ್ ಮಾಹಿತಿ ಇಲಾಖೆಯಲ್ಲಿ ಆಗಲೇ ಇರುತ್ತದೆ.

ಲೆಕ್ಕ ಪರಿಶೋಧಕರಿಗೆ ಒಂದು ಮಾತು: 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಹಳೆಯ ಟಿಪ್ಪಣಿ ನೋಡಿ ಬರೆಯಬೇಡಿ.

ಡಿಜಿಟಲ್ ರೂಪಾಯಿ ಕೂಡ ಕ್ರಿಪ್ಟೊನೇನಾ?

ಅಲ್ಲ. ಇ-ರೂಪಾಯಿಯನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್. ಒಂದು ರೂಪಾಯಿಗೆ ಯಾವತ್ತೂ ಒಂದೇ ರೂಪಾಯಿ ಬೆಲೆ. ಜನಸಾಮಾನ್ಯರ ಬಳಕೆಯ ಪ್ರಯೋಗ 2022ರ ಡಿಸೆಂಬರ್ 1ರಂದು ಶುರುವಾಯಿತು, ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. ‘ಡಿಜಿಟಲ್ ರೂಪಾಯಿಯಲ್ಲಿ ಹೂಡಿಕೆ ಮಾಡಿ, ಡಬಲ್ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್, ನೆಟ್‌ವರ್ಕ್ ಎರಡೂ ಇರಲ್ಲ. ಆಗ ಕಾಯಿನ್ ಏನಾಗುತ್ತೆ?

ಏನೂ ಆಗುವುದಿಲ್ಲ. ಕಾಯಿನ್ ನಿಮ್ಮ ಫೋನಿನಲ್ಲಿ ಇರುವುದೇ ಇಲ್ಲ. ಅದರ ಲೆಕ್ಕ ಜಗತ್ತಿನಾದ್ಯಂತ ಹರಡಿರುವ ಆ ಪುಸ್ತಕದಲ್ಲಿದೆ. ನಿಮ್ಮ ಬಳಿ ಇರುವುದು ಅದನ್ನು ಕದಲಿಸುವ ಗುಟ್ಟಿನ ಸಂಖ್ಯೆ ಮಾತ್ರ, ಅದಕ್ಕೆ ಪ್ರೈವೇಟ್ ಕೀ ಎನ್ನುತ್ತಾರೆ. ವಾಲೆಟ್ ಎಂಬ ಆಪ್ ಆ ಕೀಲಿಯನ್ನು ನೋಡಿಕೊಳ್ಳುತ್ತದೆ. ಸ್ವಂತ ವಾಲೆಟ್ ಮೊದಲ ಸಲ ತೆರೆಯುವಾಗ ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. 2,048 ಪದಗಳ ಒಂದು ಪಟ್ಟಿಯಿಂದ ಆರಿಸಿದ ಪದಗಳು ಅವು. ಫೋನ್ ಹೊಳೆಗೆ ಬಿದ್ದರೂ ಆ ಪದಗಳನ್ನು ಅದೇ ಕ್ರಮದಲ್ಲಿ ಹೊಸ ಫೋನಿನಲ್ಲಿ ಹಾಕಿದರೆ ಎಲ್ಲ ವಾಪಸ್ ಬರುತ್ತದೆ. ಪದಗಳೇ ಹೋದರೆ ಯಾವ ಕಚೇರಿಗೆ ಅರ್ಜಿ ಹಾಕಿದರೂ ಸಿಗುವುದಿಲ್ಲ. ಬೇರೆಯವರು ನೋಡಿದರೆ ಹಣ ಅವರದು.

ಆಗುಂಬೆ, ಹುಲಿಕಲ್ ಕಡೆಯವರು ಇದನ್ನು ಗಮನಿಸಬೇಕು. ಪದಗಳನ್ನು ಫೋಟೊ ತೆಗೆಯಬೇಡಿ, ವಾಟ್ಸ್‌ಆಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ, ಕಾಗದದ ಮೇಲೆ ಬರೆದಿಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಆದರೆ ನಮ್ಮ ಜೂನ್‌, ಜುಲೈ ಥಂಡಿಗೆ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಗೆದ್ದಲು ಬೇರೆ. ಪೆನ್ಸಿಲ್‌ನಲ್ಲಿ ಬರೆದು ಲ್ಯಾಮಿನೇಟ್ ಮಾಡುವಾಗಲೂ ಅಂಗಡಿಗೆ ಕೊಡಬೇಡಿ, ಅಲ್ಲಿ ನಾಲ್ಕು ಜನ ನೋಡುತ್ತಾರೆ. ಸ್ಟೀಲ್ ತಗಡಿನ ಮೇಲೆ ಮೊಳೆಯಿಂದ ಕೊರೆದಿಟ್ಟರೆ ಮಳೆ, ಬೆಂಕಿ, ಹುಳ ಯಾವುದಕ್ಕೂ ಹೆದರಬೇಕಿಲ್ಲ. ಎರಡು ಪ್ರತಿ ಮಾಡಿ ಎರಡು ಕಡೆ ಇಡಿ.

ಇದಕ್ಕೆ ನಾಮಿನಿ ವ್ಯವಸ್ಥೆಯೂ ಇಲ್ಲ. ನಿಮಗೇನಾದರೂ ಆದರೆ ಹೆಂಡತಿ ಮಕ್ಕಳಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ.

ವಿನಿಮಯ ಕೇಂದ್ರದಲ್ಲೇ ಬಿಟ್ಟರೆ ಆಗಲ್ವಾ? ಅವರು ನೋಡಿಕೊಳ್ಳುತ್ತಾರಲ್ಲ.

ಅಲ್ಲಿ ಇಟ್ಟರೆ ಕೀಲಿ ಅವರ ಕೈಯಲ್ಲಿ. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದ್ದವು. ಸ್ವಲ್ಪ ಭಾಗ ಮಾತ್ರ ಆಮೇಲೆ ಸಿಕ್ಕಿತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿಯಾಯಿತು. 2024ರ ಜುಲೈನಲ್ಲಿ ನಮ್ಮ ದೇಶದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಈ ಘಟನೆಗಳಲ್ಲಿ ಬ್ಲಾಕ್‌ಚೈನ್‌ನ ಗಣಿತ ಎಲ್ಲೂ ಮುರಿದಿಲ್ಲ. ಅದರ ಹೊರಗಿದ್ದ ಕಂಪನಿ, ಕೀಲಿ ಕಾಯುವ ಪದ್ಧತಿ, ಮನುಷ್ಯರು ಕೈಕೊಟ್ಟರು.

ನಮ್ಮ ಭಾವ ಒಂದು ಆಪ್ ಹೇಳಿದ್ದಾರೆ. ತಿಂಗಳಿಗೆ ಶೇ 10 ಖಚಿತವಂತೆ. ಅವರಿಗೆ ದುಡ್ಡು ಬಂದಿದೆ ಕೂಡ.

ಹಾಕಬೇಡಿ. ಇದನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ.

ಭಾವನಿಗೆ ದುಡ್ಡು ಬಂದಿರುವುದು ನಿಜವೇ ಇರಬಹುದು. ಅದು ಅವರ ನಂತರ ಸೇರಿದವರ ದುಡ್ಡು. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ಭಾರತದಲ್ಲಿ ಹೀಗೆಯೇ ತಿಂಗಳಿಗೆ ಶೇ 10ರಂತೆ 18 ತಿಂಗಳು ಕೊಡುತ್ತೇವೆ ಎಂದು ಸಾವಿರಾರು ಜನರಿಂದ ಹಣ ಎತ್ತಿತ್ತು. ಇಂಥದ್ದೇ ಇನ್ನೊಂದು ಯೋಜನೆ ಬಿಟ್‌ಕನೆಕ್ಟ್ 2018ರ ಜನವರಿಯಲ್ಲಿ ಕುಸಿಯಿತು. ಒನ್‌ಕಾಯಿನ್ ಎಂಬುದಕ್ಕೆ ನಿಜವಾದ ಬ್ಲಾಕ್‌ಚೈನೇ ಇರಲಿಲ್ಲ. ದಿನಕ್ಕೆ ಏರಿಳಿಯುವ ವಸ್ತುವಿನ ಮೇಲೆ ಖಚಿತ ಲಾಭ ಕೊಡಲು ಯಾರಿಂದಲೂ ಆಗುವುದಿಲ್ಲ.

ಈಗಿನ ಮೋಸದ ರೀತಿ ಹೀಗಿರುತ್ತದೆ. ಟೆಲಿಗ್ರಾಂ ಅಥವಾ ವಾಟ್ಸ್‌ಆಪ್ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ದಿನವೂ ‘ನನಗೆ ಇಷ್ಟು ಬಂತು’ ಎಂಬ ಚಿತ್ರಗಳು. ನೀವು 10,000 ಹಾಕುತ್ತೀರಿ. ಆಪ್‌ನಲ್ಲಿ 13,000 ಎಂದು ಕಾಣುತ್ತದೆ. 2,000 ತೆಗೆಯಲು ಬಿಡುತ್ತಾರೆ, ಅದು ಖಾತೆಗೆ ಬಂದೂ ಬರುತ್ತದೆ. ನಂಬಿಕೆ ಹುಟ್ಟಿತಲ್ಲ, ಈಗ ನಿವೃತ್ತಿ ಹಣದಿಂದ 5 ಲಕ್ಷ ಹಾಕುತ್ತೀರಿ. ಪರದೆಯ ಮೇಲೆ 9 ಲಕ್ಷ ಆಗುತ್ತದೆ. ತೆಗೆಯಲು ಹೋದರೆ ‘ಮೊದಲು ಶೇ 30 ತೆರಿಗೆ ಕಟ್ಟಿ’ ಎನ್ನುತ್ತಾರೆ. ಸರ್ಕಾರದ ತೆರಿಗೆ ದರವೂ ಶೇ 30 ಆಗಿರುವುದರಿಂದ ಓದಿದವರೂ ನಂಬುತ್ತಾರೆ. ತೆರಿಗೆ ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ. ಹಣ ಬಿಡುಗಡೆಗೆ ಮೊದಲೇ ಕಟ್ಟಿ ಎಂದು ಯಾವ ಆಪ್ ಕೇಳಿದರೂ ಅದು ಮೋಸ. ಆ 9 ಲಕ್ಷ ಎಂದೂ ಇರಲೇ ಇಲ್ಲ, ಪರದೆಯ ಮೇಲೆ ಯಾರೋ ಬರೆದ ಅಂಕಿ ಅದು.

ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಮನೆಯವರು ಏನಂದಾರು ಎಂಬ ಸಂಕೋಚದಲ್ಲಿ ವಾರ ಕಳೆಯಬೇಡಿ. ‘ಕಳೆದ ಹಣ ವಾಪಸ್ ತರಿಸಿಕೊಡುತ್ತೇವೆ, ಮೊದಲು ಫೀಸ್ ಕೊಡಿ’ ಎನ್ನುವವರು ಎರಡನೇ ಸಲ ದೋಚಲು ಬಂದವರು.

ನನ್ನ ಬಳಿ ಇರುವ ಯುಎಸ್‌ಡಿಟಿಯನ್ನು ಅಪರಿಚಿತರಿಗೆ ನೇರವಾಗಿ ಮಾರಿದೆ. ಬ್ಯಾಂಕ್ ಖಾತೆ ಫ್ರೀಜ್ ಆಗಿದೆ. ಯಾಕೆ?

ಯುಎಸ್‌ಡಿಟಿ ಎಂದರೆ ಡಾಲರ್ ಬೆಲೆಗೆ ಅಂಟಿಕೊಂಡಿರುವ ಕಾಯಿನ್. ವಂಚಕರು ಕದ್ದ ಹಣವನ್ನು ದಾಟಿಸಲು ಅದನ್ನು ತುಂಬ ಬಳಸುತ್ತಾರೆ. ನಿಮಗೆ ಬಂದ ರೂಪಾಯಿ ಬೇರೆಲ್ಲೋ ಮೋಸ ಹೋದವರದ್ದಾಗಿದ್ದರೆ, ಅವರ ದೂರಿನ ಜಾಡು ಹಿಡಿದು ಪೊಲೀಸರು ನಿಮ್ಮ ಖಾತೆಗೆ ಬರುತ್ತಾರೆ. ಮಾತುಕತೆ, ರಸೀದಿ, ವಹಿವಾಟಿನ ಸಂಖ್ಯೆ ಎಲ್ಲ ಇಟ್ಟುಕೊಂಡು ವಕೀಲರನ್ನು ನೋಡಿ. ಕಮಿಷನ್ ಆಸೆಗೆ ಖಾತೆಯನ್ನೇ ಬಾಡಿಗೆಗೆ ಕೊಡುವ ಕಾಲೇಜು ಹುಡುಗರಿಗೆ ಇದನ್ನು ಮೇಷ್ಟ್ರುಗಳು ದಯವಿಟ್ಟು ತಿಳಿಸಿ ಹೇಳಬೇಕು. ಅದು ಅಪರಾಧ, ಮುಂದಿನ ಕೆಲಸಕ್ಕೇ ಕುತ್ತು.

ಸ್ಮಾರ್ಟ್ ಕಾಂಟ್ರಾಕ್ಟ್ ಅಂದ್ರೇನು? ನಮ್ಮ ಬೆಳೆ ವಿಮೆಗೆ ಉಪಯೋಗ ಆಗುತ್ತಾ?

ಒಪ್ಪಂದವನ್ನು ಕೋಡ್ ಆಗಿ ಬರೆದು ಬ್ಲಾಕ್‌ಚೈನ್‌ನಲ್ಲಿ ಇಡುವುದು. ಷರತ್ತು ಪೂರೈಸಿದ ಕೂಡಲೇ ತಾನಾಗಿ ಜಾರಿಯಾಗುತ್ತದೆ. 2015ರಲ್ಲಿ ಶುರುವಾದ ಎಥೀರಿಯಮ್ ಇದನ್ನು ಬಳಕೆಗೆ ತಂದಿತು. ಕೋಡ್‌ನಲ್ಲಿ ತಪ್ಪಿದ್ದರೆ ಆ ತಪ್ಪೂ ತಾನಾಗಿ ಜಾರಿಯಾಗುತ್ತದೆ. 2016ರ ಜೂನ್‌ನಲ್ಲಿ ದಿ ಡಿಎಒ ಎಂಬ ನಿಧಿಯಿಂದ 36 ಲಕ್ಷ ಈಥರ್ (ಎಥೀರಿಯಮ್‌ನ ಕಾಯಿನ್) ಹೊರಹೋದದ್ದು ಅಂಥ ತಪ್ಪಿನಿಂದ.

ನಮ್ಮ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಮಳೆ ಇಷ್ಟು ಮಿಲಿಮೀಟರ್ ಮೀರಿದರೆ ಪರಿಹಾರ ಎಂಬ ಲೆಕ್ಕ ಅದು. ಕಾಗದದ ಮೇಲೆ ನೋಡಿದರೆ ಸ್ಮಾರ್ಟ್ ಕಾಂಟ್ರಾಕ್ಟ್‌ಗೆ ಹೇಳಿ ಮಾಡಿಸಿದ ವಿಷಯ. ಅರ್ಜಿ ಬೇಡ, ಓಡಾಟ ಬೇಡ, ಹಣ ನೇರ ಖಾತೆಗೆ. ಆದರೆ ಮಳೆ ಎಷ್ಟು ಬಂತು ಎಂದು ಹೇಳುವುದು ಪಂಚಾಯಿತಿ ಮಟ್ಟದ ಮಳೆಮಾಪನ ಯಂತ್ರ. ಅದು ಕೆಟ್ಟು ನಿಂತಿದ್ದರೆ, ತೋಟದಲ್ಲಿ ಕೊಳೆ ರೋಗಕ್ಕೆ ಕಾಯಿ ಉದುರುತ್ತಿದ್ದರೂ ಕೋಡ್ ಲೆಕ್ಕದಲ್ಲಿ ಮಳೆಯೇ ಬಂದಿಲ್ಲ. ಮೊದಲು ಯಂತ್ರ ಸರಿ ಇರಬೇಕು. ನಂತರ ಕೋಡ್.

ಅಡಿಕೆ, ಕಾಫಿ, ಪಹಣಿಗೆ ಬ್ಲಾಕ್‌ಚೈನ್ ಬಂದರೆ ಒಳ್ಳೆಯದಲ್ವಾ?

ಕಾಫಿಯಲ್ಲಿ ಪ್ರಯತ್ನ ಆಗಿದೆ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತು. ಬೆಳೆಗಾರ ಮತ್ತು ಕೊಳ್ಳುವವರ ನಡುವಿನ ಮಧ್ಯವರ್ತಿಗಳು ಕಡಿಮೆಯಾಗಲಿ, ಕಾಫಿ ಯಾವ ತೋಟದ್ದು ಎಂದು ಗೊತ್ತಾಗಲಿ ಎಂಬುದು ಉದ್ದೇಶ.

ಅಡಿಕೆಯಲ್ಲಿ ಮೂಲ ತಿಳಿಯುವ ಅಗತ್ಯ ಇನ್ನೂ ಜಾಸ್ತಿ. ಹೊರದೇಶದ ಅಡಿಕೆ ಕಳ್ಳದಾರಿಯಲ್ಲಿ ಬಂದು ನಮ್ಮ ದರ ಕೆಡಿಸುತ್ತದೆ ಎಂಬುದು ಇಲ್ಲಿನ ಬೆಳೆಗಾರರ ಬಹುದಿನದ ನೋವು. ತೋಟದಿಂದ ಮಂಡಿ, ಮಂಡಿಯಿಂದ ಖರೀದಿದಾರರವರೆಗೆ ಪ್ರತಿ ಚೀಲದ ಲೆಕ್ಕ ಇದ್ದರೆ ಅನುಕೂಲವೇ. ಆದರೆ ರಾಶಿ ಇಡಿಯ ಚೀಲಕ್ಕೆ ಕಡಿಮೆ ದರ್ಜೆಯ ಗೊರಬಲು ಬೆರೆಸಿದರೆ ಚೀಲದ ಮೇಲಿನ ಕ್ಯೂಆರ್ ಕೋಡ್‌ಗೆ ಅದು ತಿಳಿಯುವುದಿಲ್ಲ. ಕೈ ಹಾಕಿ, ಒಡೆದು ನೋಡುವ ಅನುಭವಸ್ಥರೇ ಬೇಕು. ಅವರು ನೋಡಿ, ತಮ್ಮ ಹೆಸರಿನಲ್ಲಿ ನಮೂದು ಹಾಕಿದರೆ, ಆ ನಮೂದನ್ನು ಆಮೇಲೆ ಯಾರೂ ಬದಲಾಯಿಸದ ಹಾಗೆ ಬ್ಲಾಕ್‌ಚೈನ್ ನೋಡಿಕೊಳ್ಳಬಲ್ಲದು.

ಪಹಣಿಯ ವಿಷಯ ಇನ್ನೂ ಸೂಕ್ಷ್ಮ. ಭೂಮಿ ಯೋಜನೆ 2000ದಲ್ಲೇ ಪಹಣಿಯನ್ನು ಗಣಕೀಕರಿಸಿತು. ಅದು ಸರ್ಕಾರದ ಒಂದೇ ಡೇಟಾಬೇಸ್. ದಾಖಲೆ ತಿದ್ದಿದ್ದಾರೆ ಎಂಬ ದೂರಿಗೆ ಬ್ಲಾಕ್‌ಚೈನ್ ಒಂದು ಉತ್ತರ ಆಗಬಹುದು. ಆದರೆ ನಮ್ಮ ಜಿಲ್ಲೆಯ ದೊಡ್ಡ ಸಮಸ್ಯೆ ದಾಖಲೆ ತಿದ್ದುವುದಲ್ಲ, ದಾಖಲೆಯೇ ಇಲ್ಲದಿರುವುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯಲ್ಲಿ ಮನೆ, ಗದ್ದೆ ಮುಳುಗಿಸಿಕೊಂಡು ಬಂದ ಎಷ್ಟೋ ಕುಟುಂಬಗಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಬಗರ್‌ಹುಕುಂ ಅರ್ಜಿಗಳ ಕಥೆಯೂ ಗೊತ್ತೇ ಇದೆ. ಇವರ ಹೆಸರನ್ನು ಪುಸ್ತಕದಲ್ಲಿ ಬರೆಯುವುದು ಸರ್ಕಾರದ ನಿರ್ಧಾರ. ಅದಕ್ಕೆ ಮೊದಲೇ ಈಗಿರುವ ದಾಖಲೆಯನ್ನು ತಿದ್ದಲಾಗದಂತೆ ಕಟ್ಟಿಬಿಟ್ಟರೆ, ಅವರು ಹೊರಗಿರುವುದೂ ಅಷ್ಟೇ ಗಟ್ಟಿಯಾಗುತ್ತದೆ. ಇದು ನನಗೆ ನಿಜಕ್ಕೂ ಕಳವಳದ ಸಂಗತಿ.

ಕಲಿಯೋಕೆ ಎಲ್ಲಿಂದ ಶುರು ಮಾಡಲಿ? ಎಷ್ಟು ದಿನ ಬೇಕು?

ವಾರಕ್ಕೆ ಮೂರ್ನಾಲ್ಕು ಗಂಟೆ ಕೊಟ್ಟರೆ ಎರಡು ತಿಂಗಳಲ್ಲಿ ಗಟ್ಟಿ ಬುನಾದಿ ಆಗುತ್ತದೆ. ಆಂಡರ್ಸ್ ಬ್ರೌನ್‌ವರ್ತ್ ಎಂಬುವರ ಬ್ಲಾಕ್‌ಚೈನ್ ಡೆಮೊ ಅಂತರ್ಜಾಲದಲ್ಲಿ ಉಚಿತ. ಬ್ಲಾಕ್‌ನಲ್ಲಿ ಒಂದಕ್ಷರ ಬದಲಾಯಿಸಿದರೆ ಮುಂದಿನವೆಲ್ಲ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಮೊದಲ ದಿನ ಅಷ್ಟೇ ಸಾಕು. ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಉಚಿತ ಪಾಠಗಳಲ್ಲಿ ಗ್ಯಾರಿ ಗೆನ್ಸ್‌ಲರ್ 2018ರಲ್ಲಿ ಮಾಡಿದ ಬ್ಲಾಕ್‌ಚೈನ್ ಮತ್ತು ಹಣದ ಕುರಿತ ಸರಣಿ ಇದೆ. ಕೋಡಿಂಗ್ ಇಲ್ಲ, ವಾಣಿಜ್ಯ, ಕಾನೂನು ಓದಿದವರಿಗೆ ಚೆನ್ನಾಗಿ ಹಿಡಿಸುತ್ತದೆ. ಎನ್‌ಪಿಟಿಇಎಲ್‌ನಲ್ಲೂ ಐಐಟಿ ಪ್ರಾಧ್ಯಾಪಕರ ಪಾಠಗಳಿವೆ, ಅವು ಸ್ವಲ್ಪ ತಾಂತ್ರಿಕ.

ಕೈಯಾರೆ ಮಾಡಿ ನೋಡಲು ದುಡ್ಡು ಬೇಡ. ಎಥೀರಿಯಮ್‌ಗೆ ಸೆಪೋಲಿಯ ಎಂಬ ಪರೀಕ್ಷಾ ಜಾಲವಿದೆ. ಅಲ್ಲಿನ ಕಾಯಿನ್‌ಗೆ ಬೆಲೆ ಇಲ್ಲ, ಉಚಿತವಾಗಿ ಸಿಗುತ್ತದೆ. ಪಕ್ಕದವರೊಬ್ಬರು ವಾಲೆಟ್ ತೆರೆಯಲಿ, ನೀವೂ ತೆರೆಯಿರಿ. ಒಬ್ಬರಿಂದ ಒಬ್ಬರಿಗೆ ಕಳಿಸಿ, ಆ ವಹಿವಾಟನ್ನು ಸಾರ್ವಜನಿಕ ಲೆಕ್ಕದಲ್ಲಿ ಹುಡುಕಿ ನೋಡಿ. ವಾಲೆಟ್‌ನ ವಿಳಾಸದಲ್ಲಿ ಹೆಸರಿಲ್ಲ, ಆದರೆ ಮೊತ್ತ, ಸಮಯ ಎಲ್ಲ ಜಗತ್ತಿಗೇ ಕಾಣುತ್ತದೆ. ಕ್ರಿಪ್ಟೊ ಪೂರ್ತಿ ಗುಟ್ಟು ಎಂಬ ನಂಬಿಕೆ ಅಲ್ಲೇ ಹೋಗುತ್ತದೆ.

ಸರ್ಟಿಫಿಕೇಟ್ ಕೋರ್ಸಿಗೆ 60 ಸಾವಿರ ಕೇಳುತ್ತಿದ್ದಾರೆ. ಸೇರಲಾ?

ಬೇಡ. ಮೊದಲು ಉಚಿತವಾಗಿ ಸಿಗುವುದನ್ನು ಮುಗಿಸಿ.

ನಾನು ವಕೀಲ, ನನ್ನ ಹೆಂಡತಿ ವೈದ್ಯೆ. ನಮ್ಮ ವೃತ್ತಿಗೆ ಇದರಿಂದ ಏನು?

ನಿಮಗೆ ಆಸ್ತಿ ವ್ಯಾಜ್ಯ, ವಿಚ್ಛೇದನ, ಉತ್ತರಾಧಿಕಾರದ ಪ್ರಕರಣಗಳಲ್ಲಿ ಕ್ರಿಪ್ಟೊ ಬರುತ್ತದೆ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊ ಒಂದು ಆಸ್ತಿ ಎಂದು ಹೇಳಿದೆ. ವಾಲೆಟ್ ಯಾರದು ಎಂದು ಸಾಬೀತು ಮಾಡುವುದು ಹೇಗೆ ಎಂಬುದನ್ನು ಓದಿಕೊಳ್ಳಿ. ವೈದ್ಯರಿಗೆ ಹೇಳುವುದು ಒಂದೇ: ರೋಗಿಗಳ ಮಾಹಿತಿಯನ್ನು ಬ್ಲಾಕ್‌ಚೈನ್‌ನಲ್ಲಿ ಇಡೋಣ ಎಂದು ಯಾರಾದರೂ ಬಂದರೆ ಒಪ್ಪಬೇಡಿ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ತನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ಕೊಡುತ್ತದೆ. ಅಳಿಸಲಾಗದ ಕಡೆ ಬರೆದರೆ ಆ ಹಕ್ಕನ್ನು ಪಾಲಿಸುವುದು ಹೇಗೆ?

ನಮ್ಮ ಸೊಸೈಟಿಗೆ ಬ್ಲಾಕ್‌ಚೈನ್ ಸಾಫ್ಟ್‌ವೇರ್ ಮಾರಲು ಬಂದಿದ್ದಾರೆ. ಆಡಳಿತ ಮಂಡಳಿ ಸಭೆಯಲ್ಲಿ ಏನು ಕೇಳಲಿ?

ನೋಡ್‌ಗಳು ಎಷ್ಟು, ಯಾರ ಕೈಯಲ್ಲಿ ಎಂದು ಮೊದಲು ಕೇಳಿ. ಎಲ್ಲವೂ ಅವರದೇ ಕಂಪನಿಯ ಸರ್ವರ್‌ನಲ್ಲಿದ್ದರೆ ಅದು ಮಾಮೂಲಿ ಡೇಟಾಬೇಸ್, ಜಾಸ್ತಿ ದುಡ್ಡು ಕೊಡುವ ಕಾರಣವಿಲ್ಲ. ನಂತರ, ಗುಮಾಸ್ತರು ತಪ್ಪಾಗಿ ಒಂದು ಸೊನ್ನೆ ಜಾಸ್ತಿ ಹಾಕಿದರೆ ಸರಿಪಡಿಸುವುದು ಹೇಗೆ ಎಂದು ಕೇಳಿ. ಒಳ್ಳೆಯ ವ್ಯವಸ್ಥೆಯಲ್ಲಿ ಹಳೆಯ ನಮೂದು ಹಾಗೇ ಇದ್ದು, ಅದಕ್ಕೆ ತಿದ್ದುಪಡಿಯ ಹೊಸ ನಮೂದು ಸೇರುತ್ತದೆ. ಸೊಸೈಟಿ ಲೆಕ್ಕದಲ್ಲಿ ನೀವು ರಿವರ್ಸ್ ಎಂಟ್ರಿ ಹಾಕುತ್ತೀರಲ್ಲ, ಅದೇ. ಕಂಪನಿ ಮುಚ್ಚಿದರೆ ಲೆಕ್ಕ ನಮಗೆ ಯಾವ ರೂಪದಲ್ಲಿ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸಹಕಾರ ಇಲಾಖೆಯ ಆಡಿಟರ್ ಇದನ್ನು ಒಪ್ಪುತ್ತಾರಾ ಎಂದೂ ವಿಚಾರಿಸಿ.

ಇಷ್ಟಕ್ಕೂ ನೇರ ಉತ್ತರ ಬಂದರೆ, ಮೂರು ತಿಂಗಳು ಈಗಿನ ಲೆಡ್ಜರ್ ಜೊತೆಜೊತೆಗೇ ನಡೆಸಿ ನೋಡಿ. ಪ್ರತಿ ಶನಿವಾರ ಎರಡನ್ನೂ ತಾಳೆ ಹಾಕಿ. ಆ ಮೂರು ತಿಂಗಳ ಲೆಕ್ಕ ಮಂಡಳಿಯ ಮುಂದೆ ಬರುವವರೆಗೆ ಮುಂಗಡದ ಚೆಕ್ಕಿಗೆ ಸಹಿ ಹಾಕಬೇಡಿ.